ಪಾಯಿಂಟ್ 22 ಪಿಸ್ತೂಲು: ಮೂರನೆಯ ಗುಂಡು ಏಕೆ ಸಿಕ್ಕಿಕೊಳ್ಳುತ್ತದೆ?

ಪ್ರಶ್ನೆ: ದಾವಣಗೆರೆಯಲ್ಲಿ ಪದವಿ ಓದುತ್ತಿರುವ ನನ್ನ ಮಗಳು ಮಹಿಳೆಯರ 25 ಮೀಟರ್ ಸ್ಪೋರ್ಟ್ಸ್ ಪಿಸ್ತೂಲು ವಿಭಾಗಕ್ಕೆ ಅಭ್ಯಾಸ ಮಾಡುತ್ತಿದ್ದಾಳೆ. ಅವಳ ಪಾಯಿಂಟ್ 22 ಪಿಸ್ತೂಲಿಗೆ ನಾಲ್ಕು ಮ್ಯಾಗಝಿನ್‌ಗಳಿವೆ, ಅಂದರೆ ಐದೈದು ಗುಂಡು ತುಂಬುವ ಡಬ್ಬಿಗಳು. ಇತ್ತೀಚೆಗೆ ರ್ಯಾಪಿಡ್ ಸುತ್ತಿನಲ್ಲಿ ಎರಡನೆಯ ಅಥವಾ ಮೂರನೆಯ ಗುಂಡು ಚೇಂಬರಿಗೆ (ಗುಂಡು ಸಿಡಿಯುವ, ನಳಿಗೆಯ ಹಿಂತುದಿಯ ಜಾಗ) ಹೋಗದೆ, ಮೂಗು ಕೆಳಗೆ ಮಾಡಿಕೊಂಡು ನಿಂತುಬಿಡುತ್ತದೆ. ಬೆಳಗಿನ ಹೊತ್ತು ಈ ತೊಂದರೆ ಕಡಿಮೆ, ಮಧ್ಯಾಹ್ನ ಹೆಚ್ಚು. ಪರಿಚಿತರೊಬ್ಬರು ಮ್ಯಾಗಝಿನ್ ಬಾಯಿಯ ಅಂಚುಗಳನ್ನು ಇಕ್ಕಳದಿಂದ ಸ್ವಲ್ಪ ಒಳಕ್ಕೆ ಬಗ್ಗಿಸಿದರೆ ಸರಿಹೋಗುತ್ತದೆ ಎನ್ನುತ್ತಾರೆ. ಹಾಗೆ ಮಾಡಬಹುದೇ? ಮ್ಯಾಗಝಿನ್ ತುಂಬಿಟ್ಟರೆ ಸ್ಪ್ರಿಂಗ್ ಸಡಿಲವಾಗುತ್ತದೆ ಎನ್ನುವುದು ನಿಜವೇ?

ಉತ್ತರ: ಇಕ್ಕಳವನ್ನು ದಯವಿಟ್ಟು ದೂರವಿಡಿ. ತಾವು ಬರೆದಿರುವ ಲಕ್ಷಣಗಳನ್ನು ನೋಡಿದರೆ, ಆ ಸಲಹೆಯಿಂದ ತೊಂದರೆ ಹೆಚ್ಚಾಗುವ ಸಾಧ್ಯತೆಯೇ ಜಾಸ್ತಿ. ಮ್ಯಾಗಝಿನ್ ಬಾಯಿಯ ಎರಡು ಅಂಚುಗಳು, ಅಂದರೆ ಶೂಟರ್‌ಗಳು ಲಿಪ್ಸ್ ಎಂದು ಕರೆಯುವ ಭಾಗ, ಮೇಲಿನ ಗುಂಡನ್ನು ಹಿಡಿದಿಟ್ಟುಕೊಂಡು ಸರಿಯಾದ ಕ್ಷಣದಲ್ಲಿ ಬಿಟ್ಟುಕೊಡಬೇಕು. ಅಂಚುಗಳು ಅಗಲಗೊಂಡಿದ್ದರೆ ಗುಂಡು ಬೇಗ ಬಿಡುಗಡೆಯಾಗಿ ಮೂಗು ಮೇಲೆದ್ದು ಚೇಂಬರಿನ ಮೇಲ್ಭಾಗಕ್ಕೆ ಬಡಿಯುತ್ತದೆ. ಕಿರಿದಾಗಿದ್ದರೆ ತಡವಾಗಿ ಬಿಡುಗಡೆಯಾಗಿ ಮೂಗು ತಗ್ಗಿ ರ್ಯಾಂಪಿಗೆ, ಅಂದರೆ ಗುಂಡನ್ನು ಚೇಂಬರಿಗೆ ಏರಿಸುವ ಇಳಿಜಾರಿಗೆ, ಕುಕ್ಕುತ್ತದೆ. ತಮ್ಮ ಮಗಳ ಪಿಸ್ತೂಲಿನಲ್ಲಿ ಗುಂಡು ಈಗಾಗಲೇ ಮೂಗು ತಗ್ಗಿಸಿ ನಿಲ್ಲುತ್ತಿದೆ. ಅಂಚನ್ನು ಇನ್ನಷ್ಟು ಒಳಕ್ಕೆ ಒತ್ತಿದರೆ ಅದು ಇನ್ನಷ್ಟು ತಗ್ಗುತ್ತದೆ. ಲಿಪ್ಸ್ ತಿದ್ದುವ ಕೆಲಸ ಎಲ್ಲ ಪರೀಕ್ಷೆಗಳೂ ಮುಗಿದ ಮೇಲೆ ಬರಬೇಕಾದ ಕೊನೆಯ ಉಪಾಯವಾಗಿದ್ದರೂ, ನಮ್ಮ ಕಡೆ ಎಲ್ಲರೂ ಮೊದಲು ಕೈ ಹಾಕುವುದು ಅಲ್ಲಿಗೇ.

ದೋಷ ಯಾವುದೆಂದು ತಿಳಿಯಲು ಐದು ಗುಂಡುಗಳಲ್ಲಿ ಎಷ್ಟನೆಯದು ನಿಂತಿತು ಎಂಬುದನ್ನು ಮೊದಲು ನೋಡಬೇಕು. ಮೊದಲನೆಯ ಗುಂಡನ್ನು ನಾವು ಬೋಲ್ಟನ್ನು (ಹಿಂದೆ ಮುಂದೆ ಓಡಿ ಗುಂಡನ್ನು ಚೇಂಬರಿಗೆ ತಳ್ಳುವ ಭಾಗ) ಪೂರ್ತಿ ಹಿಂದೆಳೆದು ಬಿಟ್ಟು ಒಳಗೆ ಕಳುಹಿಸುತ್ತೇವೆ. ಬೋಲ್ಟಿಗೆ ಆಗ ಪೂರ್ಣ ಓಟ, ಪೂರ್ಣ ಬಲ ಇರುವುದರಿಂದ ಸಣ್ಣಪುಟ್ಟ ಅಡ್ಡಿಗಳನ್ನು ದಾಟಿಬಿಡುತ್ತದೆ. ಎರಡನೆಯದರಿಂದ ಮುಂದೆ ಆ ಕೆಲಸವನ್ನು ಗುಂಡಿನ ಹಿಂದೊದೆತವೇ ಮಾಡಬೇಕು. ಪಾಯಿಂಟ್ 22 ಸ್ಟ್ಯಾಂಡರ್ಡ್ ವೇಗದ ಮದ್ದಿನ, ಅಂದರೆ ಗುಂಡುಗಳ, ಒದೆತ ಮೃದುವಾದುದು, 2.6 ಗ್ರಾಂ ತೂಕದ ಸೀಸದ ಗುಂಡು ಸೆಕೆಂಡಿಗೆ ಸುಮಾರು 320ರಿಂದ 330 ಮೀಟರ್ ವೇಗದಲ್ಲಿ ಹೊರಡುವಾಗ ಬೋಲ್ಟಿಗೆ ಸಿಗುವ ಶಕ್ತಿಯಲ್ಲಿ ಪೋಲು ಮಾಡಲು ಏನೂ ಉಳಿದಿರುವುದಿಲ್ಲ. ಮ್ಯಾಗಝಿನ್ ಇನ್ನೂ ತುಂಬಿರುವಾಗ, ಅಂದರೆ ಎರಡನೆಯ ಮತ್ತು ಮೂರನೆಯ ಗುಂಡು ಏರುವಾಗ, ಸ್ಪ್ರಿಂಗ್ ಬಿಗಿಯಾಗಿರುತ್ತದೆ, ಒಂದರ ಮೇಲೊಂದು ಕುಳಿತ ಗುಂಡುಗಳ ನಡುವಿನ ಉಜ್ಜಾಟ ಹೆಚ್ಚಿರುತ್ತದೆ. ನಾಲ್ಕನೆಯ ಮತ್ತು ಐದನೆಯ ಗುಂಡಿನ ಹೊತ್ತಿಗೆ ಸ್ಪ್ರಿಂಗ್ ಬಹುಪಾಲು ಬಿಚ್ಚಿಕೊಂಡು ಅದರ ಒತ್ತಡ ಕಡಿಮೆಯಾಗಿರುತ್ತದೆ. ಆದ್ದರಿಂದ ಐದನೆಯ ಗುಂಡು ನಿಂತರೆ ಸ್ಪ್ರಿಂಗ್ ಸೋತಿದೆ ಎಂದು ಅನುಮಾನಿಸಬೇಕು. ಎರಡು ಅಥವಾ ಮೂರನೆಯದು ನಿಂತರೆ ಗುಂಡುಗಳು ಒಂದಕ್ಕೊಂದು ಸಿಕ್ಕಿಕೊಂಡಿವೆ ಅಥವಾ ಉಜ್ಜುತ್ತಿವೆ ಎಂದು ಅನುಮಾನಿಸಬೇಕು. ತಮ್ಮದು ಎರಡನೆಯ ಬಗೆ.

ಸಿಕ್ಕಿಕೊಳ್ಳುವುದು ಹೇಗೆ ಎಂಬುದನ್ನು ವಿವರವಾಗಿ ಹೇಳುತ್ತೇನೆ, ಏಕೆಂದರೆ ಪಾಯಿಂಟ್ 22 ಮ್ಯಾಗಝಿನ್‌ಗಳ ಬಹುಪಾಲು ತಕರಾರು ಇಲ್ಲಿಂದಲೇ ಹುಟ್ಟುತ್ತದೆ. ಈ ಗುಂಡಿನ ಹಿತ್ತಾಳೆ ಕೋಶದ ಹಿಂತುದಿಯಲ್ಲಿ ಹೊರಚಾಚಿದ ಒಂದು ಅಂಚು, ಅಂದರೆ ರಿಮ್, ಇರುತ್ತದೆ. ಕೋಶದ ಮೈ ಸುಮಾರು 5.7 ಮಿಲಿಮೀಟರ್ ದಪ್ಪವಿದ್ದರೆ ರಿಮ್‌ನ ವ್ಯಾಸ ಸುಮಾರು 7 ಮಿಲಿಮೀಟರ್, ಅದರ ದಪ್ಪ ಸುಮಾರು 1.1 ಮಿಲಿಮೀಟರ್. ಗುಂಡುಗಳನ್ನು ಒಂದರ ಮೇಲೊಂದು ಪೇರಿಸಿದಾಗ ಹಿಂಬದಿ ಮುಂಬದಿಗಿಂತ ಎತ್ತರವಾಗುವುದರಿಂದ ಅವು ಬೀಸಣಿಗೆಯಾಗಿ ಬಾಗುತ್ತವೆ. ಇದನ್ನು ಹೊಂದಿಸಲೆಂದೇ ತಯಾರಕರು ಮ್ಯಾಗಝಿನ್‌ಗೆ ಓರೆ ಅಥವಾ ಬಾಗು ಕೊಟ್ಟಿರುತ್ತಾರೆ. ಬೋಲ್ಟ್ ಮೇಲಿನ ಗುಂಡನ್ನು ಮುಂದಕ್ಕೆ ತಳ್ಳುವಾಗ, ಮೇಲಿನ ಗುಂಡಿನ ರಿಮ್ ಕೆಳಗಿನ ಗುಂಡಿನ ರಿಮ್‌ಗಿಂತ ಮುಂದೆ ಇರಬೇಕು. ಹಾಗಿದ್ದರೆ ಅದು ತಡೆಯಿಲ್ಲದೆ ಜಾರಿಹೋಗುತ್ತದೆ. ಮೇಲಿನದರ ರಿಮ್ ಕೆಳಗಿನದರ ರಿಮ್‌ನ ಹಿಂದೆ ಬಿದ್ದಿದ್ದರೆ, ಮುಂದೆ ಹೋಗುವಾಗ ಅದು ಕೆಳಗಿನ ರಿಮ್‌ಗೆ ತಾಗಿ ನಿಲ್ಲುತ್ತದೆ, ಇಲ್ಲವೇ ಅದನ್ನೂ ತನ್ನೊಂದಿಗೆ ಎಳೆಯುತ್ತದೆ. ಹಿಂಬದಿ ತಡೆಯುತ್ತಿದ್ದಂತೆ ಮೂಗು ತಗ್ಗುತ್ತದೆ. ನಾಡಹೆಂಚು ಹೊದಿಸುವವರು ಯಾವ ಹೆಂಚಿನ ಅಂಚು ಯಾವುದರ ಮೇಲೆ ಬರಬೇಕೆಂಬ ಕ್ರಮವನ್ನು ತಪ್ಪಿಸುವುದಿಲ್ಲವಲ್ಲ, ಇಲ್ಲಿಯೂ ಅಷ್ಟೇ ಕಟ್ಟುನಿಟ್ಟಿನ ಕ್ರಮವಿದೆ.

ಆ ಕ್ರಮ ಕೆಡುವುದು ಬಹುತೇಕ ತುಂಬುವ ಕೈಯಲ್ಲಿ. ಹೆಚ್ಚಿನ ಮ್ಯಾಗಝಿನ್‌ಗಳ ಪಕ್ಕದಲ್ಲಿ ಫಾಲೋವರಿಗೆ, ಅಂದರೆ ಗುಂಡುಗಳನ್ನು ಕೆಳಗಿನಿಂದ ಮೇಲೆತ್ತುವ ತಟ್ಟೆಗೆ, ಸೇರಿದ ಒಂದು ಗುಂಡಿ ಇರುತ್ತದೆ; ಅದನ್ನು ಹೆಬ್ಬೆರಳಿನಿಂದ ತಳದವರೆಗೆ ಎಳೆದು ಹಿಡಿದು ಐದೂ ಗುಂಡುಗಳನ್ನು ಒಂದರ ಹಿಂದೊಂದು ಒಳಗೆ ಸುರಿದು, ಆಮೇಲೆ ಗುಂಡಿಯನ್ನು ಫಟ್ಟನೆ ಬಿಟ್ಟುಬಿಡುವ ಅಭ್ಯಾಸ ಅವಸರದ ಶೂಟರ್‌ಗಳಲ್ಲಿ ಬಹಳ. ಹೀಗೆ ಬಿಟ್ಟಾಗ ಸಡಿಲವಾಗಿ ಬಿದ್ದಿದ್ದ ಗುಂಡುಗಳು ಸ್ಪ್ರಿಂಗಿನ ಹೊಡೆತಕ್ಕೆ ಕುಣಿದು, ಯಾರ ರಿಮ್ ಯಾರ ಹಿಂದೆ ಎಂಬುದು ಅದೃಷ್ಟಕ್ಕೆ ಬಿಟ್ಟ ವಿಷಯವಾಗುತ್ತದೆ. ತಮ್ಮ ಮಗಳು ಹೇಗೆ ತುಂಬುತ್ತಾಳೆಂದು ಒಮ್ಮೆ ಪಕ್ಕದಲ್ಲಿ ನಿಂತು ನೋಡಿ. ಸರಿಯಾದ ವಿಧಾನದಲ್ಲಿ ಗುಂಡಿಯನ್ನು ಒಂದು ಗುಂಡಿನ ದಪ್ಪದಷ್ಟೇ ಇಳಿಸಬೇಕು. ಹೊಸ ಗುಂಡನ್ನು ಮುಂಬದಿಯಿಂದ ಒಳಗಿಟ್ಟು, ಕೆಳಗಿನದರ ರಿಮ್‌ನ ಮುಂದೆಯೇ ಅದರ ರಿಮ್ ಇಳಿಯುವಂತೆ ಹಿಂದಕ್ಕೆ ಸರಿಸಬೇಕು. ಗುಂಡಿಯನ್ನು ಬಿಡುವಾಗಲೂ ಬೆರಳಿನ ಹಿಡಿತದಲ್ಲೇ ನಿಧಾನವಾಗಿ ಮೇಲೇರಲು ಬಿಡಬೇಕು. ಐದೂ ತುಂಬಿದ ಮೇಲೆ ಮ್ಯಾಗಝಿನ್‌ನ ಹಿಂಬದಿಯನ್ನು ಅಂಗೈಗೆ ಒಂದೆರಡು ಸಲ ಮೆಲ್ಲಗೆ ತಟ್ಟಿದರೆ ಗುಂಡುಗಳು ಹಿಂಗೋಡೆಗೆ ಕೂಡಿಕೊಂಡು, ಮ್ಯಾಗಝಿನ್‌ನ ಓರೆಯೇ ಉಳಿದ ಕ್ರಮವನ್ನು ನೋಡಿಕೊಳ್ಳುತ್ತದೆ. ಮ್ಯಾಗಝಿನ್‌ನ ಪಕ್ಕದ ಸೀಳಿನಲ್ಲಿ ಕಣ್ಣಿಟ್ಟು ನೋಡಿದರೆ ಹಿತ್ತಾಳೆಯ ಅಂಚುಗಳು ಮೆಟ್ಟಿಲು ಮೆಟ್ಟಿಲಾಗಿ ಕಾಣಬೇಕು. ಎಲ್ಲಾದರೂ ಒಂದು ಮೆಟ್ಟಿಲು ಹಿಂದೆ ಬಿದ್ದಿದ್ದರೆ ಆ ಮ್ಯಾಗಝಿನ್ನನ್ನು ಖಾಲಿ ಮಾಡಿ ಮತ್ತೆ ತುಂಬಬೇಕು. ಸ್ಪರ್ಧೆಯಲ್ಲಿ ಲೋಡ್ ಎಂಬ ಆಜ್ಞೆಯ ನಂತರ ಪಿಸ್ತೂಲಿಗೆ ಮ್ಯಾಗಝಿನ್ ಹಾಕಲು ಒಂದು ನಿಮಿಷವಿದ್ದರೂ ಕೈಗಳು ಅವಸರಿಸುತ್ತವೆ. ಅಭ್ಯಾಸದ ದಿನಗಳಲ್ಲಿ ಈ ನಿಧಾನ ರೂಢಿಯಾಗಿದ್ದರೆ ಮಾತ್ರ ಸ್ಪರ್ಧೆಯಲ್ಲಿ ಅದು ಉಳಿಯುತ್ತದೆ.

ತುಂಬುವ ಕ್ರಮ ಸರಿಯಿದ್ದೂ ತೊಂದರೆ ಉಳಿದರೆ, ಅದು ಮ್ಯಾಗಝಿನ್‌ನದೋ ಪಿಸ್ತೂಲಿನದೋ ಎಂಬುದನ್ನು ಬೇರ್ಪಡಿಸಬೇಕು. ನಾಲ್ಕು ಮ್ಯಾಗಝಿನ್‌ಗಳ ತಳಕ್ಕೆ ಪೇಂಟ್ ಪೆನ್ನಿನಿಂದ ಒಂದರಿಂದ ನಾಲ್ಕರವರೆಗೆ ಸಂಖ್ಯೆ ಬರೆಯಿರಿ. ಪ್ರತಿ ಸಲ ಗುಂಡು ನಿಂತಾಗ ಯಾವ ಮ್ಯಾಗಝಿನ್, ಎಷ್ಟನೆಯ ಗುಂಡು, ಮೂಗು ಎಲ್ಲಿ ತಾಗಿತ್ತು, ಯಾವ ಪೆಟ್ಟಿಗೆಯ ಮದ್ದು ಎಂಬ ನಾಲ್ಕೇ ವಿವರಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಲು ಮಗಳಿಗೆ ಹೇಳಿ. ಎರಡು ಮ್ಯಾಗಝಿನ್‌ಗಳಲ್ಲಿ ಮಾತ್ರ ತೊಂದರೆ ಕಂಡುಬಂದರೆ ದೋಷ ಆ ಎರಡರಲ್ಲಿದೆ. ನಾಲ್ಕರಲ್ಲೂ ಸಮನಾಗಿ ಕಂಡುಬಂದರೆ ಮ್ಯಾಗಝಿನ್‌ಗಳನ್ನು ಬೈದು ಫಲವಿಲ್ಲ. ಚೇಂಬರಿನಲ್ಲಿ ಕಟ್ಟಿದ ಮಸಿ, ಸವೆದ ಎಕ್ಸ್‌ಟ್ರಾಕ್ಟರ್ (ಖಾಲಿ ಕೋಶವನ್ನು ಹೊರಗೆಳೆಯುವ ಕೊಕ್ಕೆ), ಮದ್ದಿಗೆ ಹೊಂದದ ಬೋಲ್ಟ್ ಸ್ಪ್ರಿಂಗ್, ಅಥವಾ ಮಣಿಕಟ್ಟು ಸಡಿಲ ಬಿಟ್ಟು ಹಿಡಿಯುವ ರೀತಿ, ಇವುಗಳಲ್ಲಿ ಒಂದನ್ನು ಹುಡುಕಬೇಕು. ಪೆಟ್ಟಿಗೆ ಬದಲಾದ ದಿನವೇ ತೊಂದರೆ ಆರಂಭವಾಗಿದ್ದರೆ ಉತ್ತರ ಅಲ್ಲೇ ಇದೆ.

ನಿಂತ ಗುಂಡನ್ನು ಎಸೆಯುವ ಮೊದಲು ಅದರ ಮೂಗನ್ನು ಬೆಳಕಿಗೆ ಹಿಡಿದು ನೋಡಿ. ಪಿಸ್ತೂಲಿನ ಬಾಯಿ ಗುರಿಯ ಕಡೆಗೇ ಇರಲಿ, ಮ್ಯಾಗಝಿನ್ ಹೊರಬರಲಿ, ಬೋಲ್ಟ್ ತೆರೆದಿರಲಿ, ಚೇಂಬರಿನಲ್ಲಿ ಸೇಫ್ಟಿ ಫ್ಲ್ಯಾಗ್ (ಚೇಂಬರ್ ಖಾಲಿಯಿದೆ ಎಂದು ತೋರಿಸುವ ಗುರುತು) ಇರಲಿ; ಆಮೇಲಷ್ಟೇ ಗುಂಡನ್ನು ಕೈಗೆತ್ತಿಕೊಳ್ಳಬೇಕು. ಸೀಸ ಮೆತ್ತಗಿರುವುದರಿಂದ ತನಗೆ ಏನು ತಾಗಿತೆಂಬುದನ್ನು ಅದು ದಾಖಲಿಸಿಕೊಂಡಿರುತ್ತದೆ. ಮೂಗಿನ ಕೆಳಮುಖದಲ್ಲಿ ಹೊಳೆಯುವ ಚಪ್ಪಟೆ ಗೀರು ಇದ್ದರೆ ಅದು ರ್ಯಾಂಪಿಗೆ ಕುಕ್ಕಿದೆ. ಮೇಲ್ಭಾಗದಲ್ಲಿ ಉಗುರಿನಾಕಾರದ ತಗ್ಗು ಇದ್ದರೆ ಚೇಂಬರಿನ ಮೇಲಂಚಿಗೆ ಬಡಿದಿದೆ. ಮೂಗು ಶುದ್ಧವಾಗಿದ್ದು ಕೋಶದ ಬೆನ್ನಿನ ಮೇಲೆ ಗೆರೆ ಎಳೆದಂತಿದ್ದರೆ ಬೋಲ್ಟ್ ರಿಮ್ಮನ್ನು ಹಿಡಿಯದೆ ಗುಂಡಿನ ಮೇಲೆಯೇ ಜಾರಿಹೋಗಿದೆ, ಅಂದರೆ ಗುಂಡು ಸಕಾಲಕ್ಕೆ ಮೇಲೇರಿಲ್ಲ. ಈ ಮೂರು ಗುರುತುಗಳಿಗೆ ಮೂರು ಬೇರೆ ಬೇರೆ ಔಷಧಗಳಿವೆ. ಹೀಗೆ ಪೆಟ್ಟು ತಿಂದ ಗುಂಡನ್ನು ಮತ್ತೆ ಮ್ಯಾಗಝಿನ್‌ಗೆ ತುಂಬಬಾರದು. ಕೋಶದಲ್ಲಿ ಸೀಸದ ಭಾಗ ಓರೆಯಾಗಿ ಕುಳಿತಿರಬಹುದು. ಅದನ್ನು ಪ್ರತ್ಯೇಕವಾಗಿಟ್ಟು ರೇಂಜಿನ ಹೊಣೆಗಾರರಿಗೆ ಒಪ್ಪಿಸುವುದು ಸರಿ.

ಇನ್ನು ಬೆಳಿಗ್ಗೆ ಕಡಿಮೆ, ಮಧ್ಯಾಹ್ನ ಹೆಚ್ಚು ಎಂಬ ತಮ್ಮ ಮಾತು. ನನಗೆ ಇಡೀ ಪತ್ರದಲ್ಲಿ ಅತ್ಯಂತ ಉಪಯುಕ್ತವಾಗಿ ಕಂಡದ್ದು ಈ ಸಾಲು. ಪಾಯಿಂಟ್ 22 ಗುಂಡಿನಲ್ಲಿ ಸೀಸದ ಭಾಗ ಮತ್ತು ಹಿತ್ತಾಳೆ ಕೋಶ ಎರಡೂ ಹೊರಗಿನಿಂದ ಒಂದೇ ದಪ್ಪ ಇರುವುದರಿಂದ, ಗುಂಡಿಗೆ ಸವರಿದ ಮೇಣದಂತಹ ಜಿಡ್ಡು ಕೋಶದೊಳಗೆ ಅಡಗದೆ ಹೊರಗೇ ತೆರೆದಿರುತ್ತದೆ. ಏಪ್ರಿಲ್‌ನಲ್ಲಿ ದಾವಣಗೆರೆಯ ಬಿಸಿಲು 38 ಡಿಗ್ರಿ ದಾಟಿದಾಗ, ಅದರಲ್ಲೂ ಪೆಟ್ಟಿಗೆ ಕಾರಿನ ಡಿಕ್ಕಿಯಲ್ಲಿ ಇದ್ದರೆ, ಆ ಮೇಣ ಮೆತ್ತಗಾಗಿ ಬೆರಳಿಗೆ ಅಂಟುತ್ತದೆ. ಬೆರಳಿಗೆ ಅಂಟಿದ್ದು ಮ್ಯಾಗಝಿನ್ ಗೋಡೆಗೂ ಅಂಟುತ್ತದೆ. ಅದರ ಮೇಲೆ ಪೂರ್ತಿ ಉರಿಯದ ಮದ್ದುಪುಡಿಯ ಕಣ ಮತ್ತು ನಮ್ಮ ಬಯಲುಸೀಮೆಯ ಧೂಳು ಕೂತು ಕಪ್ಪನೆಯ ಅಂಟು ಪದರವಾಗುತ್ತದೆ. ಬೆಳಿಗ್ಗೆ ಒರೆಸಿಟ್ಟ ಮ್ಯಾಗಝಿನ್‌ನಲ್ಲಿ ಮಧ್ಯಾಹ್ನದ ಹೊತ್ತಿಗೆ ಫಾಲೋವರ್ ಏಕೆ ಬಳಲುತ್ತದೆ ಎಂಬುದಕ್ಕೆ ಇಷ್ಟು ಕಾರಣ ಸಾಕು. ಚಿತ್ರದುರ್ಗದಲ್ಲಿ ಆಷಾಢದ ಗಾಳಿ ಬೀಸುವ ದಿನಗಳಲ್ಲಿ ತೆರೆದ ರೇಂಜಿನ ಮೇಜಿನ ಮೇಲೆ ಬಿಚ್ಚಿಟ್ಟ ಮದ್ದಿನ ಪೆಟ್ಟಿಗೆಯನ್ನು ಅರ್ಧ ತಾಸು ಬಿಟ್ಟು ಮುಟ್ಟಿ ನೋಡಿದರೆ ಬೆರಳ ತುದಿಗೆ ಮಣ್ಣು ಸಿಗುತ್ತದೆ. ಆದ್ದರಿಂದ ಮದ್ದನ್ನು ಮುಚ್ಚಳವಿರುವ ಡಬ್ಬಿಯಲ್ಲಿ, ನೆರಳಿನಲ್ಲಿ ಇಡಬೇಕು. ಮ್ಯಾಗಝಿನ್‌ಗಳನ್ನು ಮೇಜಿನ ಮೇಲೆ ಬಾಯಿ ಮೇಲಾಗಿ ನಿಲ್ಲಿಸದೆ ಬಟ್ಟೆಯಲ್ಲಿ ಸುತ್ತಿಡಬೇಕು.

ಒರೆಸುವುದಕ್ಕೂ ಶುಚಿ ಮಾಡುವುದಕ್ಕೂ ವ್ಯತ್ಯಾಸವಿದೆ. ಬಾಯಿಯಲ್ಲಿ ಬಟ್ಟೆ ತುರುಕಿ ತೆಗೆದರೆ ಮೇಲಿನ ಒಂದು ಅಂಗುಲ ಮಾತ್ರ ಶುಚಿಯಾಗುತ್ತದೆ, ಅಂಟು ಉಳಿಯುವುದು ಕೆಳಗಿನ ಮೂಲೆಗಳಲ್ಲಿ. ಗುಂಡುಗಳೆಲ್ಲ ಹೊರಗಿವೆ ಎಂದು ಖಚಿತಪಡಿಸಿಕೊಂಡು, ಕನ್ನಡಕ ಧರಿಸಿ, ತಳದ ತಟ್ಟೆಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದೇ ಸರಿಸಿ ಬಿಚ್ಚಬೇಕು, ಇಲ್ಲದಿದ್ದರೆ ಸ್ಪ್ರಿಂಗ್ ಹಾರಿ ಮುಖಕ್ಕೆ ಬಡಿದೀತು. ಬಿಚ್ಚುವಾಗ ಸ್ಪ್ರಿಂಗಿನ ಯಾವ ತುದಿ ಮೇಲಿತ್ತು, ಅದರ ಕೊನೆಯ ಸುತ್ತು ಯಾವ ಕಡೆಗೆ ಮುಖ ಮಾಡಿತ್ತು ಎಂಬುದನ್ನು ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ತಿರುಗುಮುರುಗಾಗಿ ಜೋಡಿಸಿದ ಸ್ಪ್ರಿಂಗ್ ಫಾಲೋವರಿನ ಮುಂಬದಿಯನ್ನು ಸರಿಯಾಗಿ ಎತ್ತದೆ, ತಮ್ಮಲ್ಲಿ ಕಾಣುತ್ತಿರುವಂತೆಯೇ ಗುಂಡಿನ ಮೂಗನ್ನು ತಗ್ಗಿಸುತ್ತದೆ. ಒಮ್ಮೆ ಬಿಚ್ಚಿ ಜೋಡಿಸಿದ ಮೇಲೆ ತೊಂದರೆ ಆರಂಭವಾಯಿತೇ ಎಂದು ಮಗಳನ್ನು ಕೇಳಿ ನೋಡಿ. ಲೋಹದ ಕವಚವನ್ನು ಲೈಟರಿಗೆ ಹಾಕುವ ಹಗುರ ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆಯಿಂದ, ಬೆಂಕಿಯಿಂದ ದೂರ, ಗಾಳಿಯಾಡುವ ಕಡೆ ಶುಚಿ ಮಾಡಬಹುದು. ಸೀಮೆಎಣ್ಣೆ ಬೇಡ, ಅದು ಒಣಗಿದಂತೆ ಕಂಡರೂ ಜಿಡ್ಡಿನ ತೆಳು ಪದರವನ್ನು ಬಿಟ್ಟುಹೋಗುತ್ತದೆ. ಪ್ಲಾಸ್ಟಿಕ್ ಫಾಲೋವರಿಗೆ ಥಿನ್ನರ್, ಅಸಿಟೋನ್ ಮುಂತಾದವನ್ನು ತಾಗಿಸಲೇಬಾರದು, ಪಾತ್ರೆ ತೊಳೆಯುವ ಸೋಪು ಹಾಕಿದ ಉಗುರುಬೆಚ್ಚಗಿನ ನೀರು ಸಾಕು. ಆದರೆ ನಮ್ಮ ಕೊಳವೆಬಾವಿಯ ನೀರು ಗಡಸು. ಅದರಲ್ಲಿ ತೊಳೆದು ಹಾಗೇ ಒಣಗಲು ಬಿಟ್ಟರೆ ಫಾಲೋವರಿನ ಬದಿಗಳಲ್ಲಿ ಬಿಳಿ ಉಪ್ಪಿನ ಕಲೆ ಕೂತು, ಉಜ್ಜಾಟ ಕಡಿಮೆ ಮಾಡಲು ಹೋಗಿ ಹೆಚ್ಚಿಸಿಕೊಂಡಂತಾಗುತ್ತದೆ. ಕೊನೆಯ ಸಲ ತೊಳೆಯಲು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು ಬಳಸಿ, ಬಟ್ಟೆಯಿಂದ ಒತ್ತಿ ಒರೆಸಿ, ಪೂರ್ತಿ ಒಣಗಿದ ಮೇಲೆ ಜೋಡಿಸಿ. ಮಸಿಯಲ್ಲಿ ಸೀಸವಿರುವುದರಿಂದ ಈ ಕೆಲಸವನ್ನು ಅಡುಗೆಮನೆಯ ಸಿಂಕಿನಲ್ಲಿ ಮಾಡಬಾರದು, ಮುಗಿದ ಮೇಲೆ ಕೈಗಳನ್ನು ಚೆನ್ನಾಗಿ ತೊಳೆಯಬೇಕು.

ಒಳಗೆ ಎಣ್ಣೆ ಹಾಕಬೇಡಿ. ಎಣ್ಣೆ ಹಾಕಿದ ದಿನ ಮ್ಯಾಗಝಿನ್ ನಯವಾಗಿ ಓಡುವುದು ನಿಜ. ಎರಡು ದಿನದ ನಂತರ ಅದೇ ಎಣ್ಣೆ ಧೂಳು ಮತ್ತು ಮಸಿಯನ್ನು ಹಿಡಿದು ಕೆಸರಾಗುತ್ತದೆ. ತುಕ್ಕಿನ ಭಯವಿರುವ ಮಳೆಗಾಲದಲ್ಲಿ ಸ್ಪ್ರಿಂಗಿಗೆ ಎಣ್ಣೆ ಹಚ್ಚಿ ಅದನ್ನು ಒಣಬಟ್ಟೆಯಿಂದ ಪೂರ್ತಿ ಒರೆಸಿ ತೆಗೆದರೆ ಉಳಿಯುವ ಅಂಶವೇ ಸಾಕು.

ಬಿಚ್ಚಿದಾಗ ಫಾಲೋವರಿನ ಬದಿಗಳನ್ನೂ ನೋಡಿ. ಒಂದು ಕಡೆ ಮಾತ್ರ ಬಿಳಚಿದ ಅಥವಾ ಹೊಳೆಯುವ ಗೆರೆ ಇದ್ದರೆ, ಎದುರಿನ ಗೋಡೆಯಲ್ಲಿ ಅಥವಾ ಗುಂಡಿ ಚಲಿಸುವ ಸೀಳಿನ ಅಂಚಿನಲ್ಲಿ ಒಂದು ಮೊನೆ ಎದ್ದಿದೆ ಎಂದರ್ಥ. ಹತ್ತಿಯ ತುಂಡನ್ನು ಆ ಅಂಚಿನುದ್ದಕ್ಕೆ ಎಳೆದರೆ ಎಳೆ ಸಿಕ್ಕಿಕೊಳ್ಳುವ ಜಾಗ ತಾನಾಗಿ ತಿಳಿಯುತ್ತದೆ. ಆ ಮೊನೆಯನ್ನು ಮಾತ್ರ 1500 ನಂಬರಿನ ಎಮರಿ ಕಾಗದದಿಂದ ಕೆಲವೇ ಹಗುರ ಎಳೆತಗಳಲ್ಲಿ ಇಳಿಸಬಹುದು. ಅರದ ಕೆಲಸ ಅದಲ್ಲ, ಗೋಡೆಯ ಲೇಪವನ್ನು ಕಿತ್ತು ಹೊಳಪು ಕೊಡುವುದೂ ಅಗತ್ಯವಿಲ್ಲ.

ಸ್ಪ್ರಿಂಗಿನ ವಿಷಯದಲ್ಲಿ ಒಂದೇ ಮಾತು: ಅದನ್ನು ಎಳೆದು ಉದ್ದ ಮಾಡಬೇಡಿ. ಎಳೆದ ಸ್ಪ್ರಿಂಗ್ ಉದ್ದವಾಗಿ ಕಂಡರೂ ಅದರ ಉಕ್ಕು ತನ್ನ ಮಿತಿ ಮೀರಿ ಮಣಿದಿರುತ್ತದೆ, ಸ್ವಲ್ಪ ದಿನಗಳಲ್ಲೇ ಮೊದಲಿಗಿಂತ ಹೆಚ್ಚು ಕುಗ್ಗುತ್ತದೆ. ಒಂದೇ ವಯಸ್ಸಿನ ನಾಲ್ಕು ಮ್ಯಾಗಝಿನ್‌ಗಳ ಸ್ಪ್ರಿಂಗ್‌ಗಳನ್ನು ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿ. ಗಿಡ್ಡವಾಗಿ ನಿಂತದ್ದನ್ನು ತಯಾರಕರದೇ ಹೊಸ ಸ್ಪ್ರಿಂಗಿನಿಂದ ಬದಲಿಸಿ. ಕೊನೆಯ ಗುಂಡಿನ ನಂತರ ಬೋಲ್ಟನ್ನು ಫಾಲೋವರೇ ತೆರೆದು ನಿಲ್ಲಿಸುವ ಪಿಸ್ತೂಲುಗಳಲ್ಲಿ, ಬೋಲ್ಟ್ ಆಗೊಮ್ಮೆ ಈಗೊಮ್ಮೆ ತೆರೆದು ನಿಲ್ಲದೆ ಮುಚ್ಚಿಕೊಳ್ಳತೊಡಗುವುದು ಸ್ಪ್ರಿಂಗ್ ಸೋಲುತ್ತಿರುವ ಮೊದಲ ಸೂಚನೆ. ಗುಂಡು ನಿಲ್ಲಲು ಶುರುವಾಗುವ ಎಷ್ಟೋ ಮೊದಲೇ ಅದು ಕಾಣಿಸಿಕೊಳ್ಳುತ್ತದೆ.

ಮ್ಯಾಗಝಿನ್ ಪಿಸ್ತೂಲಿನಲ್ಲಿ ಸರಿಯಾದ ಎತ್ತರಕ್ಕೆ ಕೂರುತ್ತಿದೆಯೇ ಎಂಬುದನ್ನೂ ಒಮ್ಮೆ ಪರೀಕ್ಷಿಸಬೇಕು. ಡಮ್ಮಿ ಗುಂಡುಗಳನ್ನು ತುಂಬಿ, ಒಂದು ಕೈಯಿಂದ ಮ್ಯಾಗಝಿನ್‌ನ ತಳವನ್ನು ಮೇಲಕ್ಕೆ ಒತ್ತಿ ಹಿಡಿದು ಬೋಲ್ಟನ್ನು ಎಳೆದು ಬಿಟ್ಟಾಗ ಎಲ್ಲವೂ ಸರಿಯಾಗಿ, ಒತ್ತದೆ ಬಿಟ್ಟಾಗ ತಪ್ಪಾದರೆ, ಮ್ಯಾಗಝಿನ್ ಹಿಡಿದಿಡುವ ಕೊಕ್ಕೆ ಅಥವಾ ಅದು ಕೂರುವ ಕಚ್ಚು ಸವೆದಿದೆ. ಪಾರ್ಡಿನಿ ಎಸ್‌ಪಿಯಂತಹ ಪಿಸ್ತೂಲುಗಳಲ್ಲಿ ಮ್ಯಾಗಝಿನ್ ಟ್ರಿಗರ್ ಗಾರ್ಡಿನ ಮುಂದೆ ಸೇರುತ್ತದೆ. ಹಿಡಿಯೊಳಗೆ ಸೇರುವ ಬಗೆಯದಾದರೆ, ಕೈಗೆ ಹೊಂದಿಸಲು ಮರದ ಹಿಡಿಗೆ ಹಚ್ಚಿದ ಪುಟ್ಟಿ ಮ್ಯಾಗಝಿನ್‌ಗೆ ತಾಗುತ್ತಿದೆಯೇ ಎಂದೂ ನೋಡಬೇಕು.

ಇಷ್ಟೆಲ್ಲ ಆದ ಮೇಲೂ ಒಂದೇ ಮ್ಯಾಗಝಿನ್ ಹಟ ಹಿಡಿದರೆ ಆಗ ಲಿಪ್ಸ್ ಕಡೆ ನೋಡೋಣ. ವರ್ನಿಯರ್ ಕ್ಯಾಲಿಪರಿನಿಂದ ಸರಿಯಾಗಿ ಓಡುವ ಮ್ಯಾಗಝಿನ್‌ನ ಅಂಚುಗಳ ನಡುವಿನ ಅಂತರವನ್ನು ಮುಂಭಾಗದಲ್ಲೊಮ್ಮೆ, ಹಿಂಭಾಗದಲ್ಲೊಮ್ಮೆ ಅಳೆದು ಬರೆದುಕೊಳ್ಳಿ; ಹಟದ ಮ್ಯಾಗಝಿನ್ನನ್ನೂ ಹಾಗೇ ಅಳೆಯಿರಿ. ವ್ಯತ್ಯಾಸ ಮಿಲಿಮೀಟರಿನ ಹತ್ತನೆಯ ಒಂದೆರಡು ಭಾಗವಿದ್ದರೂ ಗುಂಡು ಬಿಡುಗಡೆಯಾಗುವ ಜಾಗ ಬದಲಾಗುತ್ತದೆ. ಅಂಚುಗಳಲ್ಲಿ ಒಂದು ಎತ್ತರ ಇನ್ನೊಂದು ತಗ್ಗು ಇದ್ದರೆ ಮ್ಯಾಗಝಿನ್ ಎಂದೋ ಸಿಮೆಂಟ್ ನೆಲಕ್ಕೆ ಬಾಯಿ ಕೆಳಗಾಗಿ ಬಿದ್ದಿರುತ್ತದೆ. ಅಳೆಯುವವರೆಗೆ ತಮ್ಮ ಕೆಲಸ, ಬಗ್ಗಿಸುವುದು ತಮ್ಮದಲ್ಲ. ಉಕ್ಕಿನ ಅಂಚು ಬಗ್ಗಿಸಿದಷ್ಟೂ ಸ್ವಲ್ಪ ಹಿಂದಕ್ಕೆ ಮರಳುತ್ತದೆ, ಹೆಚ್ಚು ಸಲ ಆಚೀಚೆ ಬಗ್ಗಿಸಿದರೆ ಬಿರುಕು ಬಿಡುತ್ತದೆ. ಒಳಗೆ ಸರಿಯಾದ ಅಳತೆಯ ಉಕ್ಕಿನ ಅಚ್ಚನ್ನಿಟ್ಟು ತೀರ ಸ್ವಲ್ಪ ಸ್ವಲ್ಪವೇ ತಿದ್ದುತ್ತ, ಪ್ರತಿ ಸಲ ಡಮ್ಮಿ ಗುಂಡಿನಿಂದ ಪರೀಕ್ಷಿಸುವ ತಾಳ್ಮೆಯ ಕೆಲಸವದು. ಪ್ಲಾಸ್ಟಿಕ್ ಅಂಚಾದರೆ ತಿದ್ದುವ ಪ್ರಶ್ನೆಯೇ ಇಲ್ಲ, ಬದಲಿಸಬೇಕಷ್ಟೇ.

ದಾವಣಗೆರೆಯಲ್ಲಿ ಒಳ್ಳೆಯ ಕೈಯಿರುವ ಲೇತ್ ಕೆಲಸಗಾರರಿಗೆ ಬರವಿಲ್ಲ, ಟ್ರ್ಯಾಕ್ಟರಿನ ಯಾವ ಭಾಗವನ್ನಾದರೂ ಮಾಡಿಕೊಡಬಲ್ಲರು ಎಂಬ ನಂಬಿಕೆಯೂ ನನಗಿದೆ; ಆದರೂ ಮ್ಯಾಗಝಿನ್ನನ್ನು ಅಲ್ಲಿಗೆ ಒಯ್ಯಬಾರದು. 1959ರ ಶಸ್ತ್ರಾಸ್ತ್ರ ಕಾಯ್ದೆಯು ಬಂದೂಕಿನ ಭಾಗಗಳನ್ನೂ ತನ್ನ ವ್ಯಾಪ್ತಿಯಲ್ಲಿ ಇಟ್ಟುಕೊಂಡಿದೆ, ಬಂದೂಕು ದುರಸ್ತಿಗೆ ಅದರ 5ನೆಯ ಸೆಕ್ಷನ್ನಿನಡಿ ಪ್ರತ್ಯೇಕ ಪರವಾನಗಿ ಬೇಕು. ಪರವಾನಗಿ ಇರುವ ಬಂದೂಕು ವರ್ತಕರ ಅಥವಾ ದುರಸ್ತಿಗಾರರ ಬಳಿಯೇ, ಪಿಸ್ತೂಲಿನ ಪರವಾನಗಿದಾರರ ಮೂಲಕ, ಆ ಕೆಲಸ ಆಗಬೇಕು. ಅವರಿಗೆ ಒಪ್ಪಿಸುವಾಗ ನೋಟ್‌ಬುಕ್ಕಿನ ಪುಟಗಳನ್ನೂ ಅಳತೆಗಳನ್ನೂ ಜೊತೆಗೆ ಕೊಟ್ಟರೆ, ಜಾಮ್ ಆಗುತ್ತದೆ ಎಂಬ ಒಂದೇ ಮಾತಿನಲ್ಲಿ ದೂರು ಹೇಳಿ ಬರುವುದಕ್ಕಿಂತ ಎಷ್ಟೋ ಉತ್ತಮ ಫಲ ಸಿಗುತ್ತದೆ.

ಸರಿಪಡಿಸಿದ ಮ್ಯಾಗಝಿನ್ ಮೊದಲು ಡಮ್ಮಿ ಗುಂಡುಗಳನ್ನು ಕೈಯಿಂದ ಎಳೆದಾಗ ಸರಾಗವಾಗಿ ನುಂಗಬೇಕು. ಆಮೇಲೆ ತರಬೇತುದಾರರ ಎದುರಿನಲ್ಲಿ ರೇಂಜಿನಲ್ಲಿ ಪರೀಕ್ಷೆ. 50 ಗುಂಡುಗಳ ಎರಡು ಪೆಟ್ಟಿಗೆ, ಅಂದರೆ ಐದೈದರಂತೆ ಇಪ್ಪತ್ತು ಸಲ, ಒಂದೂ ತಡೆಯಿಲ್ಲದೆ ಓಡಿದ ಮ್ಯಾಗಝಿನ್ನನ್ನು ಮಾತ್ರ ನಾನು ಸ್ಪರ್ಧೆಗೆ ಒಪ್ಪುತ್ತೇನೆ. ಮದ್ದು ದುಬಾರಿ ಎಂಬುದು ಗೊತ್ತು, ಆದರೂ ಈ ಖರ್ಚನ್ನು ಉಳಿಸಬೇಡಿ. ಪರೀಕ್ಷೆಯನ್ನು ಬಿಸಿಲೇರಿದ ಹೊತ್ತಿನಲ್ಲೇ ಇಟ್ಟುಕೊಳ್ಳಿ. ತಮ್ಮಲ್ಲಿ ತೊಂದರೆ ಕಾಣುವುದು ಆಗಲೇ. ನಾಲ್ಕರಲ್ಲಿ ಅತ್ಯುತ್ತಮವಾದ ಎರಡು ಸ್ಪರ್ಧೆಗೆ, ಮೂರನೆಯದು ಮೀಸಲಿಗೆ, ನಾಲ್ಕನೆಯದು ದಿನನಿತ್ಯದ ಅಭ್ಯಾಸಕ್ಕೆ ಎಂದು ಹಂಚಿಕೊಂಡರೆ ಒಳ್ಳೆಯ ಸ್ಪ್ರಿಂಗ್‌ಗಳು ಅಭ್ಯಾಸದಲ್ಲೇ ಸವೆದುಹೋಗುವುದಿಲ್ಲ.

ಸ್ಪರ್ಧೆಯಲ್ಲಿ ಗುಂಡು ನಿಂತರೆ ಏನು ಮಾಡಬೇಕೆಂಬುದು ಮಗಳಿಗೆ ಈಗಲೇ ಗೊತ್ತಿರಲಿ. ಅವಳ ವಿಭಾಗದ ರ್ಯಾಪಿಡ್ ಸುತ್ತಿನಲ್ಲಿ ಗುರಿ ಮೂರು ಸೆಕೆಂಡು ತೋರುತ್ತದೆ, ಏಳು ಸೆಕೆಂಡು ಮರೆಯಾಗುತ್ತದೆ. ಪ್ರತಿ ಸಲಕ್ಕೆ ಒಂದೇ ಗುಂಡು. ಆ ಏಳು ಸೆಕೆಂಡಿನಲ್ಲಿ ಬೋಲ್ಟ್ ಪೂರ್ತಿ ಮುಚ್ಚಿಲ್ಲವೆಂದು ಕಂಡರೆ ಕೈ ತಾನಾಗಿ ಅದನ್ನು ತಳ್ಳಲು ಹೋಗುತ್ತದೆ. ಹಾಗೆ ಸರಿಪಡಿಸಿ ಮುಂದುವರಿಯಲು ಅವಕಾಶವಿದೆ, ಆದರೆ ಒಮ್ಮೆ ಕೈ ಹಾಕಿದ ಮೇಲೆ, ಪಿಸ್ತೂಲಿನ ಭಾಗವೇ ಮುರಿದಿದ್ದರ ಹೊರತು, ಅದನ್ನು ಶೂಟರಿನ ತಪ್ಪಲ್ಲದ, ಒಪ್ಪತಕ್ಕ ದೋಷವೆಂದು ಕೇಳುವ ಹಕ್ಕು ಹೋಗುತ್ತದೆ. ಹಕ್ಕು ಉಳಿಯಬೇಕಾದರೆ ಹಿಡಿತ ಬಿಡದೆ, ಪಿಸ್ತೂಲನ್ನು ಗುರಿಯ ಕಡೆಗೇ ಇಟ್ಟುಕೊಂಡು, ಬಿಡುವಾಗಿರುವ ಕೈ ಎತ್ತಿ ರೇಂಜ್ ಆಫೀಸರನ್ನು ಕರೆಯಬೇಕು. ಅವರು ಬಂದು ನೋಡಿ, ಗುಂಡು ಅಥವಾ ಖಾಲಿ ಕೋಶ ಸಿಕ್ಕಿಕೊಂಡಿರುವುದನ್ನು ಕಂಡರೆ ಒಪ್ಪುತ್ತಾರೆ. ಮ್ಯಾಗಝಿನ್ ಸರಿಯಾಗಿ ಕೂರಿಸಿರಲಿಲ್ಲ ಅಥವಾ ಕಡಿಮೆ ಗುಂಡು ತುಂಬಿತ್ತು ಎಂದಾದರೆ ಅದು ಶೂಟರಿನದೇ ತಪ್ಪು, ಹಾರದ ಗುಂಡುಗಳಿಗೆ ಸೊನ್ನೆ. ಪುರುಷರ ರ್ಯಾಪಿಡ್ ಫೈರ್ ಸ್ಪರ್ಧೆಯಲ್ಲಿ, 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ವಿಜಯ್ ಕುಮಾರ್ ಬೆಳ್ಳಿ ಗೆದ್ದ ವಿಭಾಗವದು, ನಾಲ್ಕು ಸೆಕೆಂಡಿನಲ್ಲಿ ಐದು ಗುರಿಗಳಿಗೆ ಐದು ಗುಂಡು ಹಾರಿಸಬೇಕಾದ ಸರಣಿಗಳಿರುವುದರಿಂದ ಅಲ್ಲಿ ಕೈ ಹಾಕಿ ಸರಿಪಡಿಸುವ ಮಾತೇ ಏಳುವುದಿಲ್ಲ. ಹಳೆಯ ಪಿಸ್ತೂಲು ಕೊಳ್ಳುವವರಿಗೆ ಪ್ರಾಸಂಗಿಕವಾಗಿ ಒಂದು ಎಚ್ಚರಿಕೆ: ಆ ವಿಭಾಗದಲ್ಲಿ 2005ಕ್ಕಿಂತ ಮೊದಲು ಪಾಯಿಂಟ್ 22 ಶಾರ್ಟ್ ಎಂಬ ಗಿಡ್ಡ ಗುಂಡು ಬಳಕೆಯಲ್ಲಿತ್ತು, ಅದಕ್ಕೆಂದು ಮಾಡಿದ ಮ್ಯಾಗಝಿನ್ನನ್ನು ಇಂದಿನ ಉದ್ದ ಗುಂಡಿಗೆ ಹೊಂದಿಸಲು ಯಾರೂ ಯತ್ನಿಸಬಾರದು.

ತಮ್ಮ ಕೊನೆಯ ಪ್ರಶ್ನೆ, ತುಂಬಿಟ್ಟರೆ ಸ್ಪ್ರಿಂಗ್ ಸಡಿಲವಾಗುತ್ತದೆಯೇ ಎಂಬುದು. ಒಳ್ಳೆಯ ಉಕ್ಕಿನ ಸ್ಪ್ರಿಂಗನ್ನು ಅದರ ಮಿತಿಯೊಳಗೆ ಒತ್ತಿಟ್ಟರೆ ಅದು ಹೇಳಿಕೊಳ್ಳುವಷ್ಟು ಸೋಲುವುದಿಲ್ಲ. ಮತ್ತೆ ಮತ್ತೆ ಒತ್ತಿ ಬಿಡುವುದು, ಮಿತಿ ಮೀರಿ ಒತ್ತುವುದು, ತುಕ್ಕು ಹಿಡಿಯುವುದು, ಇವೇ ಅದನ್ನು ಹೆಚ್ಚು ಸವೆಸುತ್ತವೆ. ಹಾಗೆಂದು ತುಂಬಿಡಲು ನಾನು ಹೇಳುವುದಿಲ್ಲ. ಮನೆಯಲ್ಲಿ ಮ್ಯಾಗಝಿನ್ ಖಾಲಿಯಾಗಿಯೇ ಇರಬೇಕು, ಮದ್ದು ಬೇರೆ ಕಪಾಟಿನಲ್ಲಿ ಬೀಗದೊಳಗೆ ಇರಬೇಕು. ಅಲ್ಲದೆ ತುಂಬಿಟ್ಟ ಮ್ಯಾಗಝಿನ್‌ನಲ್ಲಿ ರಾತ್ರಿಯಿಡೀ ಒತ್ತಿಕೊಂಡ ಗುಂಡುಗಳ ಮೇಣ ಒಂದಕ್ಕೊಂದು ಅಂಟಿ, ಮರುದಿನ ಎರಡನೆಯ ಗುಂಡಿಗೇ ಅಡ್ಡಿ ಆರಂಭವಾಗಬಹುದು.